ಗುಂಡನಿಗೆ: ಐವತ್ತೊಂಬತ್ತನೇ ನಂಬರಿನವನ ಬಗ್ಗೆ

ಲೋ ಗುಂಡಾ,

ನಿನ್ನ ವಾಯ್ಸ್ ಮೆಸೇಜು ಕೇಳಿದೆ. ಮುಕ್ಕಾಲು ಬೈಗುಳ, ಕಾಲು ಮಳೆ ಸದ್ದು. ನಡುವೆ ಒಂದು ಪ್ರಶ್ನೆಯೂ ಇತ್ತು: "ಹೆಲ್ಮೆಟ್ ಹಾಕ್ಕೊಂಡು ಗುದ್ದಾಡೋ ಆಟಕ್ಕೆ ಅಷ್ಟು ದುಡ್ಡು ಸುರಿದು ಹೋಗ್ತೀಯಲ್ಲ, ಅಲ್ಲಿ ನೋಡೋಕೆ ಏನಿದೆ ಮಾರಾಯ?" ಹೇಳ್ತೀನಿ. ಫೋನಲ್ಲಿ ಹೇಳಿದರೆ ನಡುವೆ ಬಾಯಿ ಹಾಕ್ತೀಯ, ಅದಕ್ಕೇ ಇಲ್ಲಿ, ಎಲ್ಲರ ಎದುರಿಗೆ ಬರೀತಿದ್ದೇನೆ. ಹಾಸ್ಟೆಲ್ಲಿನ ಹನ್ನೊಂದನೇ ರೂಮಿನವರು ಯಾರಾದರೂ ಓದ್ತಿದ್ದರೆ ಹಾಜರಿ ಹಾಕಿ. ಭಟ್ಟರ ಎರಡನೇ ಸಾರಿನ ವಿಷಯ ಮಾತ್ರ ಎತ್ತಬೇಡಿ, ನನ್ನ ಆಫೀಸಿನವರೂ ಇದ್ದಾರೆ.

ಆ ಆಟ ಅಮೆರಿಕನ್ ಫುಟ್‌ಬಾಲ್, ನಿನ್ನ ಪ್ರಶ್ನೆಗೆ ಉತ್ತರ ಅದನ್ನು ಆಡುತ್ತಿದ್ದ ಒಬ್ಬ ಮನುಷ್ಯ. ಲೂಕ್ ಕೀಕ್ಲಿ, ಜೆರ್ಸಿ ನಂಬರ್ 59. ನಾನು ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಈ ಶಾರ್ಲೆಟ್‌ಗೆ ಬಂದದ್ದೂ 2012ರಲ್ಲಿ, ಅವನು ಬಂದದ್ದೂ 2012ರಲ್ಲಿ. ವ್ಯತ್ಯಾಸ ಇಷ್ಟೇ: ನನ್ನನ್ನು ಬ್ಯಾಂಕಿನ ಕಂಪ್ಯೂಟರ್ ರಿಪೇರಿಗೆ ಕರೆಸಿಕೊಂಡರು. ಅವನನ್ನು ಬಾಸ್ಟನ್ ಕಾಲೇಜಿನಿಂದ ಆ ವರ್ಷದ ಡ್ರಾಫ್ಟಿನ (ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳೋದು) ಒಂಬತ್ತನೇ ಆಯ್ಕೆಯಾಗಿ ಕೆರೊಲಿನಾ ಪ್ಯಾಂಥರ್ಸ್ ತಂಡ ಕರೆಸಿಕೊಂಡಿತು. ನೋಡೋಕೆ ಪಕ್ಕಾ ಪಾಪದ ಹುಡುಗ. ನಮ್ಮ ಕಾಲೇಜಲ್ಲಿ ಇದ್ದಿದ್ದರೆ ಲ್ಯಾಬ್ ರೆಕಾರ್ಡ್ ಎಲ್ಲರಿಗೂ ಕೊಟ್ಟು ತಾನೇ ಬೈಸಿಕೊಳ್ಳುವ ಗಿರಾಕಿ. ಮೊದಲ ವರ್ಷವೇ ಇಡೀ ಲೀಗಿನಲ್ಲಿ ಎಲ್ಲರಿಗಿಂತ ಹೆಚ್ಚು ಟ್ಯಾಕಲ್, ಅಂದರೆ ಚೆಂಡು ಹಿಡಿದವನನ್ನು ಕೆಡವೋದು, 164. ಮರುವರ್ಷ ಇಡೀ ಲೀಗಿನ ಅತ್ಯುತ್ತಮ ಡಿಫೆನ್ಸ್ ಆಟಗಾರ. ಆಗ ಅವನಿಗೆ ಇಪ್ಪತ್ತೆರಡು. ಆ ವಯಸ್ಸಲ್ಲಿ ನಮ್ಮ ಸಾಧನೆ ಏನು ಅಂತ ನೀನೇ ನೆನಪಿಸಿಕೋ, ಇಲ್ಲಿ ಬರೆಯೋದು ಬೇಡ.

ಅವನ ಜಾಗಕ್ಕೆ ಮಿಡಲ್ ಲೈನ್‌ಬ್ಯಾಕರ್ ಅಂತಾರೆ. ಎದುರು ತಂಡಕ್ಕೆ ನಾಲ್ಕು ಅವಕಾಶ, ಅಷ್ಟರಲ್ಲಿ ಹತ್ತು ಗಜ ಮುಂದೆ ಬರಬೇಕು. ಬರದ ಹಾಗೆ ನೋಡಿಕೊಳ್ಳುವ ಹನ್ನೊಂದು ಜನರ ನಟ್ಟನಡುವೆ ನಿಂತವನು ಇವನು. ಹೆಲ್ಮೆಟ್ಟಿನ ಹಿಂದೆ ಒಂದು ಹಸಿರು ಚುಕ್ಕೆ. ಅದು ಇದ್ದವನ ಹೆಲ್ಮೆಟ್ಟಲ್ಲಿ ಮಾತ್ರ ರೇಡಿಯೊ, ಕೋಚ್ ಹೇಳಿದ್ದು ಕಿವಿಗೆ ಬೀಳುತ್ತೆ. ಪ್ರತಿ ಆಟ ಶುರುವಾಗೋಕೆ ಇಟ್ಟ ಗಡಿಯಾರದಲ್ಲಿ ಹದಿನೈದು ಸೆಕೆಂಡ್ ಉಳಿಯಿತು ಅಂದರೆ ಆ ರೇಡಿಯೊ ಬಂದ್. ಅಲ್ಲಿಂದಾಚೆ ಅವನ ಕಣ್ಣು, ಅವನ ಬಾಯಿ. ನಿನಗೆ ಅರ್ಥ ಆಗೋ ಹಾಗೆ ಹೇಳಬೇಕು ಅಂದರೆ, ಕಬಡ್ಡಿಯಲ್ಲಿ ನೀನು ಎಡ ಕಾರ್ನರಲ್ಲಿ ನಿಂತು ರೈಡರ್ ಕಾಲು ಎತ್ತೋ ಮೊದಲೇ ಅವನ ಹೆಗಲು ನೋಡಿ "ಬೋನಸ್ಸಿಗೆ ಬರ್ತಾನೆ, ಬಿಡು" ಅಂತ ಗೊಣಗ್ತಿದ್ದೆಯಲ್ಲ, ಅದೇ. ಕೀಕ್ಲಿ ಗೊಣಗ್ತಿರಲಿಲ್ಲ, ಕಿರುಚ್ತಿದ್ದ. ಎದುರಿನವರ ಆಟವನ್ನು ಅವರು ಶುರು ಮಾಡುವ ಮೊದಲೇ ಕೈ ತೋರಿಸಿ, ಹೆಸರು ಹಿಡಿದು ತನ್ನವರಿಗೆ ಹೇಳಿಬಿಡ್ತಿದ್ದ. ಮಂತ್ರ ಗಿಂತ್ರ ಏನಿಲ್ಲ. ಮನೆಗೆ ಹೋಗಿ ಎದುರಾಳಿಗಳ ಹಳೆಯ ಆಟದ ವಿಡಿಯೊ ಹಾಕಿಕೊಂಡು ಕೂತಿರ್ತಿದ್ದ. ಪರೀಕ್ಷೆಯ ಹಿಂದಿನ ದಿನ ಓದೋವ್ನಲ್ಲ, ವರ್ಷವಿಡೀ ಓದೋವ್ನು.

ಅವನು ಯಾರನ್ನಾದರೂ ಕೆಡವಿದಾಗ ಎಪ್ಪತ್ತು ಸಾವಿರ ಚಿಲ್ಲರೆ ಜನ ಒಟ್ಟಿಗೆ "ಲೂ...ಕ್" ಅಂತ ಎಳೀತಿದ್ದರು. ಮೊದಲ ಸಲ ಕೇಳಿದಾಗ ಇವನನ್ನು ಯಾಕೆ ಎಲ್ಲರೂ "ಬೂ" ಅಂತಿದ್ದಾರೆ ಅಂತ ನನಗೆ ಸಂಕಟ ಆಗಿತ್ತು. ಪಕ್ಕದ ಸೀಟಿನ ದಢೂತಿ ಮನುಷ್ಯ ವಿವರಿಸಿದ, ಆಮೇಲೆ ನಾನೂ ಎಳೆದೆ. ಮಿಂಟ್ ಸ್ಟ್ರೀಟಿನ ಆ ಸ್ಟೇಡಿಯಂನಲ್ಲಿ ನಾನು ಕೂಗಿದಷ್ಟು ಈ ದೇಶದಲ್ಲಿ ಬೇರೆಲ್ಲೂ ಕೂಗಿಲ್ಲ. ಆಫೀಸಲ್ಲಿ ನನ್ನ ದನಿ ನಿನಗೆ ಗೊತ್ತಲ್ಲ, ಮ್ಯೂಟ್ ಮಾಡೋದೂ ಬೇಡ, ತೆಗೆಯೋದೂ ಬೇಡ.

2015ರ ಸೀಸನ್ ಬಗ್ಗೆ ಬರೆಯೋಕೆ ಹೊರಟರೆ ಈ ಪತ್ರ ಮುಗಿಯಲ್ಲ. ಹದಿನಾರರಲ್ಲಿ ಹದಿನೈದು ಗೆಲುವು. ಪ್ಲೇಆಫಿನಲ್ಲಿ ಮೊದಲು ಸಿಯಾಟಲ್ ವಿರುದ್ಧ, ಆಮೇಲೆ ಅರಿಜೋನಾ ವಿರುದ್ಧ, ಎರಡೂ ಪಂದ್ಯದಲ್ಲಿ ಕೀಕ್ಲಿ ಚೆಂಡು ಕಸಿದುಕೊಂಡು ಓಡಿ, ಎದುರಿನವರ ಕೊನೆಯ ಗೆರೆ ದಾಟಿ ಟಚ್‌ಡೌನ್ ಹೊಡೆದ. ಅರಿಜೋನಾದವರ ಪಂದ್ಯಕ್ಕೆ, 2016ರ ಜನವರಿ ಚಳಿಯಲ್ಲಿ, ಆಫೀಸಿನವನೊಬ್ಬನ ದಯೆಯಿಂದ ನಾನೂ ಹೋಗಿದ್ದೆ. 49-15. ಕೀಕ್ಲಿ ಗೆರೆ ದಾಟಿದಾಗ ಮುಂದಿನ ಸಾಲಿನ ಮನುಷ್ಯ ತಿರುಗಿ ನನ್ನನ್ನು ಅಪ್ಪಿಕೊಂಡ. ಹೆಸರು ಗೊತ್ತಿಲ್ಲ, ಬಿಯರ್ ವಾಸನೆ, ಮುಖಕ್ಕೆ ಬಳಿದುಕೊಂಡ ನೀಲಿ ಬಣ್ಣ ನನ್ನ ಜಾಕೆಟ್ಟಿಗೆ ಅಂಟಿತು. ಆ ಜಾಕೆಟ್ ಒಗೆಯೋಕೆ ನಾನು ಬಹಳ ದಿನ ಬಿಟ್ಟಿರಲಿಲ್ಲ. ಮುಂದೆ ಸೂಪರ್ ಬೌಲಿನಲ್ಲಿ, ಅಂದರೆ ಫೈನಲ್ಲಿನಲ್ಲಿ, ಡೆನ್ವರ್ ಎದುರು 24-10ಕ್ಕೆ ಸೋತದ್ದು, ಥಾಮಸ್ ಡೇವಿಸ್ ಅಂತ ಇನ್ನೊಬ್ಬ ಲೈನ್‌ಬ್ಯಾಕರ್ ಮುರಿದ ಕೈಗೆ ಪ್ಲೇಟ್ ಹಾಕಿಸಿಕೊಂಡು ಎರಡೇ ವಾರಕ್ಕೆ ಅದನ್ನು ಆಡಿದ್ದು, ಇದೆಲ್ಲ ಇನ್ನೊಂದು ದಿನ. ಕೈ ಮುರಿದುಕೊಂಡು ಆಡಿದ್ದನ್ನು ನಾವು ವೀರಗಾಥೆ ಅಂತಲೇ ಹೇಳಿಕೊಂಡು ತಿರುಗಿದೆವು ಅನ್ನೋದು ಮಾತ್ರ ನೆನಪಿಟ್ಟುಕೋ.

ಈಗ ಆ ಗುರುವಾರ. 2016ರ ನವೆಂಬರ್ 17, ಎದುರಿಗೆ ನ್ಯೂ ಆರ್ಲಿಯನ್ಸ್ ಸೇಂಟ್ಸ್. ಕೊನೆಯ ಕ್ವಾರ್ಟರಲ್ಲಿ ಕೀಕ್ಲಿ ಒಬ್ಬ ಓಟಗಾರನನ್ನು ತಡೆಯೋಕೆ ನುಗ್ಗಿದ. ಅಂಥದ್ದನ್ನು ಅವನು ಸಾವಿರ ಸಲ ಮಾಡಿದ್ದ, ನೋಡೋಕೆ ದೊಡ್ಡ ಗುದ್ದು ಅಂತಲೂ ಅನ್ನಿಸಲಿಲ್ಲ. ಎದ್ದು ಕೂತ. ಕೂತವನು ಏಳಲಿಲ್ಲ. ದೊಡ್ಡ ಪರದೆ ಮೇಲೆ ಮುಖ ಹತ್ತಿರದಿಂದ ಬಂತು. ಅಳ್ತಿದ್ದ ಕಣೋ. ಕಾಲು ಮುರಿದವನ ಅಳು ಬೇರೆ, ಅದಕ್ಕೆ ಕಾರಣ ಇರುತ್ತೆ. ಇವನದು ಉಸಿರು ಕಟ್ಟಿ ಕಟ್ಟಿ ಬರುತ್ತಿದ್ದ ಅಳು, ಸಂತೆಯಲ್ಲಿ ಅಮ್ಮನ ಕೈ ತಪ್ಪಿದ ಮಗು ಅಳುತ್ತಲ್ಲ, ಹಾಗೆ. ತಲೆಗೆ ಪೆಟ್ಟು ಬಿದ್ದಾಗ ಮನಸ್ಸಿನ ಹಿಡಿತ ಹೀಗೆ ಸಡಿಲವಾಗುತ್ತದಂತೆ, ಅದು ಕನ್ಕಷನ್ನಿನ ಒಂದು ಲಕ್ಷಣ ಅಂತ ಆಮೇಲೆ ಓದಿ ತಿಳಿದೆ. ಎದುರಾಳಿಯ ಯೋಚನೆಯನ್ನು ಅವನಿಗಿಂತ ಮೊದಲು ಓದುತ್ತಿದ್ದ ತಲೆ ಅದು. ಗಾಡಿ ತಂದು ಕೂರಿಸಿಕೊಂಡು ಹೋದರು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದೆವು, "ಲೂ...ಕ್" ಅಂದೆವು.

ಗಾಡಿ ಸುರಂಗದೊಳಗೆ ಹೋಯಿತು. ಸೀಟಿ ಊದಿದರು. ನಾವು ಮತ್ತೆ ಕೂಗೋಕೆ ಶುರು ಮಾಡಿದೆವು. ಎದುರು ತಂಡದವರಿಗೆ ಅವರ ಮಾತು ಅವರಿಗೇ ಕೇಳಬಾರದು, ಅದಕ್ಕೆ ಕೂಗಬೇಕು, ಅದು ಪ್ರೇಕ್ಷಕರ ಕೆಲಸ. ನಾನು ಆ ಕೆಲಸ ಚೆನ್ನಾಗಿ ಮಾಡಿದೆ. 23-20ಕ್ಕೆ ಗೆದ್ದೆವು. ಟ್ರೇನಲ್ಲಿ ಮನೆಗೆ ಹೋಗುವಾಗ ಖುಷಿಯಾಗಿದ್ದೆ.

ಆ ಸೀಸನ್ ಅವನು ಮತ್ತೆ ಆಡಲಿಲ್ಲ. 2015ರಲ್ಲೇ ಒಮ್ಮೆ ಕನ್ಕಷನ್ ಆಗಿತ್ತು, 2017ರಲ್ಲಿ ಮತ್ತೆ ತಲೆಯ ತಪಾಸಣೆಗೆ ಹೋದ. ಆ ವರ್ಷ ಕುತ್ತಿಗೆಗೆ ಒಂದು ಪಟ್ಟಿ ಹಾಕಿಕೊಂಡು ಆಡಿದ. ಕತ್ತಿನ ರಕ್ತನಾಳವನ್ನು ಹದವಾಗಿ ಒತ್ತಿ, ತಲೆಯೊಳಗೆ ಒಂಚೂರು ಹೆಚ್ಚು ರಕ್ತ ನಿಲ್ಲುವ ಹಾಗೆ ಮಾಡಿ, ಮೆದುಳು ಅಲ್ಲಾಡೋದನ್ನು ಕಡಿಮೆ ಮಾಡೋ ಉಪಾಯ. ಅದನ್ನು ನೋಡಿ ನಾವು ಹೊಸ ವಾಚ್ ನೋಡಿದ ಹಾಗೆ ಚರ್ಚೆ ಮಾಡಿದೆವು. 2020ರ ಜನವರಿ 14ಕ್ಕೆ ಒಂದು ವಿಡಿಯೊದಲ್ಲಿ ಕೂತು, ಗಂಟಲು ಕಟ್ಟಿಕೊಂಡು, ಆಡೋ ಆಸೆ ಇನ್ನೂ ಇದೆ, ಆದರೆ ಸಾಕು ಅಂದ. ವಯಸ್ಸು 28. ಎಂಟು ಸೀಸನ್, 1,092 ಟ್ಯಾಕಲ್, ಲೀಗಿನ ಅತ್ಯುತ್ತಮರನ್ನು ಆರಿಸೋ ಪ್ರೊ ಬೌಲಿಗೆ ಏಳು ಸಲ ಆಯ್ಕೆ. ಮುಂದಿನ ವರ್ಷಗಳ ಕೋಟಿಗಟ್ಟಲೆ ದುಡ್ಡು ಬಿಟ್ಟು ಎದ್ದ. ಹೀಗೆ ಎದ್ದವರಲ್ಲಿ ಅವನೇ ಮೊದಲಿಗನಲ್ಲ. 2015ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕ್ರಿಸ್ ಬೋರ್‌ಲ್ಯಾಂಡ್ ಅನ್ನೋ ಲೈನ್‌ಬ್ಯಾಕರ್ ಒಂದೇ ಸೀಸನ್ ಆಡಿ, 24ಕ್ಕೆ ನಿಲ್ಲಿಸಿ, ಸಹಿ ಹಾಕಿದ್ದಕ್ಕೆ ಕೊಟ್ಟಿದ್ದ ಬೋನಸ್ಸಿನಲ್ಲಿ ಮುಕ್ಕಾಲು ಭಾಗ ವಾಪಸ್ ಕೊಡ್ತೀನಿ ಅಂದಿದ್ದ. ನಿಲ್ಲಿಸದವರ ಕಥೆಯೂ ಇದೆ. ಜೂನಿಯರ್ ಸೇಯಾವ್, ಅವನೂ ಲೈನ್‌ಬ್ಯಾಕರ್, ಇಪ್ಪತ್ತು ಸೀಸನ್ ಆಡಿದ. 2012ರಲ್ಲಿ, 43ನೇ ವಯಸ್ಸಿಗೆ ತನ್ನ ಜೀವ ತಾನೇ ತೆಗೆದುಕೊಂಡ. ಮೆದುಳನ್ನು ಪರೀಕ್ಷೆ ಮಾಡಿದಾಗ ಸಿಟಿಇ ಇತ್ತು. ಮತ್ತೆ ಮತ್ತೆ ಬೀಳುವ ಪೆಟ್ಟಿನಿಂದ ಬರುವ ಕಾಯಿಲೆ ಅದು. ಬದುಕಿದ್ದಾಗ ಖಚಿತವಾಗಿ ಹೇಳೋಕೆ ಬರಲ್ಲ, ಸತ್ತ ಮೇಲೆ ಮೆದುಳು ಕತ್ತರಿಸಿ ನೋಡಬೇಕು.

ಕೀಕ್ಲಿ ನಿಲ್ಲಿಸಿದ ದಿನ ನಾನು ಎಲ್ಲರ ಹಾಗೆ "ಒಳ್ಳೆಯ ನಿರ್ಧಾರ" ಅಂತ ಬರೆದು ಹಾಕಿದೆ. ಒಳಗೆ ಇದ್ದದ್ದು ಸಿಟ್ಟು. ಇನ್ನೂ ನಾಲ್ಕು ವರ್ಷ ಆಡಬಹುದಿತ್ತಲ್ಲ ಅಂತ.

ಇಷ್ಟನ್ನೇ ಬರೆದು ನಿಲ್ಲಿಸಬೇಕು ಅಂತಿದ್ದೆ. ಆದರೆ ಮೇಜಿನ ಮೇಲೆ ಒಂದು ಫಾರ್ಮು ಬಿದ್ದಿದೆ. ಏಳನೇ ಕ್ಲಾಸಿಗೆ ಬಂದ ಮಗ ಶಾಲೆಯ ಫುಟ್‌ಬಾಲ್ ತಂಡಕ್ಕೆ ಸೇರಬಹುದು. ಸೇರಬೇಕಾದರೆ ಅಪ್ಪ-ಅಮ್ಮ ಒಬ್ಬರು ಈ ಹಾಳೆಗೆ ಸಹಿ ಹಾಕಬೇಕು. ಇಲ್ಲಿ ಅದಕ್ಕೆ 2011ರಿಂದ ಕಾನೂನೇ ಇದೆ. 2008ರಲ್ಲಿ ಈ ರಾಜ್ಯದಲ್ಲಿ ಆಟದಲ್ಲಿ ತಲೆಗೆ ಪೆಟ್ಟು ಬಿದ್ದು ಇಬ್ಬರು ಹೈಸ್ಕೂಲ್ ಹುಡುಗರು ಹೋಗಿಬಿಟ್ಟರು, ಆ ಇಬ್ಬರ ಮನೆಹೆಸರೇ ಕಾನೂನಿನ ಹೆಸರು. ಹಾಳೆಯಲ್ಲಿ ಬರೆದಿದೆ: ಕನ್ಕಷನ್ ಅಂದರೆ ಮೆದುಳಿಗೆ ಆದ ಗಾಯ, ಅದು ಕಣ್ಣಿಗೆ ಕಾಣಲ್ಲ, ಲಕ್ಷಣಗಳು ಗಂಟೆಗಳು, ದಿನಗಳು ಕಳೆದ ಮೇಲೂ ಬರಬಹುದು. ಒಂದೊಂದು ಸಾಲಿನ ಮುಂದೆಯೂ ಮಗ ಒಂದು ಕಡೆ, ಅಪ್ಪ ಒಂದು ಕಡೆ ಇನಿಶಿಯಲ್ ಹಾಕಬೇಕು. ಹೋಮ್ ಲೋನ್ ಕಾಗದಕ್ಕೆ ಓದದೆ ಸಹಿ ಹಾಕಿದ ಕೈ ಇದು. ಇಲ್ಲಿ ಎರಡನೇ ಸಾಲಿಗೇ ನಿಂತಿದೆ.

ನಿನ್ನ ಹತ್ತಿರ "ಮಗನಿಗೆ ಆಟದ ಹುಚ್ಚು, ಬಿಡೋಣ ಅಂದರೆ ಇವಳು ಒಪ್ಪಲ್ಲ" ಅಂತ ಹೇಳಿದ್ದೆನಲ್ಲ. ಅವನಿಗೆ ಹುಚ್ಚು ಗಿಚ್ಚು ಏನಿಲ್ಲ ಕಣೋ. ಅವನಿಗೆ ಚೆಲ್ಲೋ, ಅದೇ ದೊಡ್ಡ ಪಿಟೀಲಿನಂಥ ವಾದ್ಯ, ಬಾರಿಸೋದು ಇಷ್ಟ. "ನಿಂಗೆ ಆಡಿಸಬೇಕು ಅಂತಿದ್ರೆ ಆಡ್ತೀನಿ ಅಪ್ಪ" ಅಂದ, ಅಷ್ಟೇ. ಹುಚ್ಚು ನನ್ನದು. ಮೈದಾನದ ಬೇಲಿ ಹಿಡಿದು ನಿಂತಿರೋ ಅಪ್ಪಂದಿರ ಸಾಲಲ್ಲಿ ನಾನೂ ನಿಲ್ಲಬೇಕು, ಯಾರೋ ಬೆನ್ನು ತಟ್ಟಿ "ಅದು ನಿನ್ನ ಹುಡುಗನಾ?" ಅನ್ನಬೇಕು. ಇಷ್ಟು ವರ್ಷ ಆದರೂ ಈ ಬೀದಿಯಲ್ಲಿ ನನ್ನ ಹೆಸರನ್ನು ಯಾರೂ ಸರಿಯಾಗಿ ಕರೆದಿಲ್ಲ, ನಾನೂ ತಿದ್ದಿಲ್ಲ. ಈ ಊರು ನನ್ನದು ಅಂತ ಅನ್ನಿಸಿದ್ದು ಆ ಸ್ಟೇಡಿಯಂ ಒಳಗೆ ಮಾತ್ರ. ಅಪ್ಪಿಕೊಂಡಿದ್ದು ಚೆಂಡು ಕಸಿದದ್ದಕ್ಕೆ ಹೌದು. ಆದರೆ ಉಳಿದ ದಿನಗಳಲ್ಲಿ ಗುರುತಿಲ್ಲದವರು ನನ್ನ ಕೈಗೆ ಕೈ ತಟ್ಟಿದ್ದೆಲ್ಲ ಯಾರೋ ಒಬ್ಬನ ತಲೆ ಅಲ್ಲಾಡಿದಾಗ. ಅಲ್ಲಾಡಿದ್ದು ಯಾರ ಮಗನದ್ದೋ ಅಂತ ನೆಮ್ಮದಿಯಾಗಿದ್ದೆ. ಈಗ ಆ ಲೆಕ್ಕಕ್ಕೆ ನನ್ನ ಮಗನನ್ನು ಜಮಾ ಮಾಡೋಕೆ ನಾನೇ ಪೆನ್ನು ಹಿಡಿದು ಕೂತಿದ್ದೇನೆ. ಮಾಡಲ್ಲ ಅಂತ ಬರೆದರೆ ಈ ಪತ್ರ ಚೆನ್ನಾಗಿ ಕಾಣುತ್ತೆ. ಗೊತ್ತಿಲ್ಲ ಗುಂಡಾ. ಪೆನ್ನು ಇನ್ನೂ ಕೈಯಲ್ಲೇ ಇದೆ.

ಇನ್ನೂ ಒಂದು ತಮಾಷೆ ಕೇಳು. ಆಟ ಬಿಟ್ಟ ಕೀಕ್ಲಿ ಆಮೇಲೆ ಏನು ಮಾಡಿದ? ಪ್ಯಾಂಥರ್ಸ್ ಪಂದ್ಯಗಳಿಗೆ ರೇಡಿಯೊ ವಿವರಣೆಯಲ್ಲಿ ಕೂತದ್ದಿದೆ. ಜತೆಗೆ, ತನ್ನ ಹಳೆಯ ತಂಡದ ಗ್ರೆಗ್ ಆಲ್ಸೆನ್ ಜತೆ ಸೇರಿ ಇದೇ ಊರಲ್ಲಿ ನನ್ನ ಮಗನ ವಾರಿಗೆಯ ಹುಡುಗರಿಗೆ ಫುಟ್‌ಬಾಲ್ ಹೇಳಿಕೊಟ್ಟಿದ್ದಾನೆ. ಇದನ್ನು ಇವಳಿಗೆ ಗೆದ್ದವನ ಹಾಗೆ ಹೇಳಿದೆ. "ಅವನಿಗೆ ಯಾವಾಗ ನಿಲ್ಲಿಸಬೇಕು ಅಂತ ಗೊತ್ತಿತ್ತು. ನಿಮಗೆ ಊಟ ನಿಲ್ಲಿಸೋದೇ ಗೊತ್ತಿಲ್ಲ" ಅಂದಳು. ಆ ಚರ್ಚೆ ಅಲ್ಲಿಗೆ ಮುಗಿಯಿತು. ಇವಳು ಫೇಸ್‌ಬುಕ್ ಬಿಟ್ಟು ಕಾಲವಾಯಿತು, ಆ ಧೈರ್ಯದಲ್ಲೇ ಇದನ್ನೆಲ್ಲ ಹಾಕ್ತಿದ್ದೇನೆ. ಅತ್ತಿಗೆ ಕೈಗೆ ನಿನ್ನ ಫೋನ್ ಕೊಡಬೇಡ, ಅಷ್ಟು ಉಪಕಾರ ಮಾಡು.

ಸರಿ, ಬಹಳ ಆಯ್ತು. ಓದೋಕೆ ಬಂದ ಉಳಿದವರು ಫುಟ್‌ಬಾಲ್ ಅಂತ ಬಂದು ಸಂಸಾರ ಓದಬೇಕಾಯ್ತು, ಕ್ಷಮಿಸಿ. ಮೊನ್ನೆ ಹಿತ್ತಲಲ್ಲಿ ಮಗನಿಗೆ ತಲೆ ತಗ್ಗಿಸದೆ ಹೆಗಲು ಕೊಟ್ಟು ಟ್ಯಾಕಲ್ ಮಾಡೋದು ಹೇಗೆ ಅಂತ ತೋರಿಸೋಕೆ ಹೋದೆ. ಅವನು ಪಾಪ, ಚೆಲ್ಲೋ ಬಾರಿಸುವವನ ನಾಜೂಕಿನಲ್ಲಿ ಪಕ್ಕಕ್ಕೆ ಸರಿದ. ನಾನು ನೆಟ್ಟಗೆ ಬೇಲಿಗೆ. ಆಚೆ ಮನೆಯ ಅಜ್ಜ ಏನೋ ಅಂತ ಎಳೆದು ಕೂಗಿದ, "ಲೂ" ಅಂದನೋ "ಬೂ" ಅಂದನೋ ತಿಳಿಯಲಿಲ್ಲ. ಈಗ ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟುಕೊಂಡೇ ಬರೀತಿದ್ದೇನೆ.

ಅಡಿಕೆಗೆ ಎರಡನೇ ಸಲ ಬೋರ್ಡೋ ಹೊಡೆಸಿದ್ದಾಯ್ತಾ? ಈ ಮಳೆಗೆ ಕೊಳೆ ಬಿಡಲ್ಲ ಅಂತ ಅಣ್ಣನೂ ಹೇಳ್ತಿದ್ದ. ಮರ ಹತ್ತೋಕೆ ಆಳು ಸಿಗಲಿಲ್ಲ ಅಂತ ನೀನೇ ಹತ್ತೋಕೆ ಹೋಗಬೇಡ. ನಿನ್ನ ಚಿಂತೆ ಅಲ್ಲ, ಮರ ನಿಮ್ಮಜ್ಜ ನೆಟ್ಟಿದ್ದು.

ನಿನ್ನ
ಪುಟ್ಟ