ಕಾಡಂಚಿನ ಜಮೀನು ಕೊಳ್ಳಲು ನಿಧಿ ಬೇಕು

ಸಂಪಾದಕರಿಗೆ,

ಮಲೆನಾಡಿನಲ್ಲಿ ಕಾಡಿಗೆ ಅಂಟಿಕೊಂಡ ಜಮೀನು ಮಾರಾಟಕ್ಕಿದೆ ಅಂದರೆ ಸಾಕು, ರೆಸಾರ್ಟಿನವರ ಕಾರು ಬಂದು ನಿಲ್ಲುತ್ತದೆ. 2020ರಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಮಕ್ಕಳೆಲ್ಲ ಬೆಂಗಳೂರು ಸೇರಿ, ಕೆಲಸಕ್ಕೆ ಆಳೂ ಸಿಗದೆ ಮಾರುವವರನ್ನು ಬೈದು ಏನು ಪ್ರಯೋಜನ? ಕಾಡಾಗಿಯೇ ಇರಲಿ ಎಂದು ಕೊಳ್ಳುವವರು ಯಾಕಿಲ್ಲ ಎಂಬುದು ನನ್ನ ಪ್ರಶ್ನೆ.

ಕೊಡಗಿನಲ್ಲಿ ಅನಿಲ್ ಮತ್ತು ಪಮೇಲಾ ಮಲ್ಹೋತ್ರಾ ದಂಪತಿ ಇದನ್ನು ಮಾಡಿ ತೋರಿಸಿದರು. 1991ರಲ್ಲಿ 55 ಎಕರೆಯಿಂದ ಶುರು ಮಾಡಿ, ಅಕ್ಕಪಕ್ಕದ ಜಮೀನು ಸೇರಿಸುತ್ತ ಸುಮಾರು 300 ಎಕರೆ ಮಾಡಿದರು. ಅಲ್ಲಿ ಕಾಡು ಮತ್ತೆ ಬೆಳೆಯಿತು, ಆನೆಗಳೂ ಓಡಾಡಿದವು. ಅಷ್ಟು ದುಡ್ಡು ಎಲ್ಲರ ಹತ್ತಿರ ಇರುವುದಿಲ್ಲ, ನಿಜ. ಆದರೆ ಎಲ್ಲ ಕಡೆಯೂ ನೂರಾರು ಎಕರೆ ಬೇಕಿಲ್ಲ. ನಮ್ಮ ಉತ್ತರ ಕನ್ನಡದ ಸಿಂಗಳೀಕ (ಸಿಂಹಬಾಲದ ಕೋತಿ) ಮರದ ಮೇಲೇ ಬದುಕುವ ಪ್ರಾಣಿ. ಕೊಂಬೆಗೆ ಕೊಂಬೆ ತಾಗಿದ್ದರೆ ಮಾತ್ರ ಅದಕ್ಕೆ ದಾರಿ. ಎರಡು ಕಾಡಿನ ನಡುವೆ ಇರುವ ನಾಲ್ಕೈದು ಎಕರೆ ಬೋಳಾದರೂ ಅದರ ಗುಂಪುಗಳು ಆಚೆಯವು ಆಚೆಗೆ, ಈಚೆಯವು ಈಚೆಗೆ ಬೇರೆಯಾಗಿಬಿಡುತ್ತವೆ.

ಹಾಗಂತ ಜನರನ್ನು ಹೊರಗಿಟ್ಟು ಬೇಲಿ ಹಾಕುವುದಕ್ಕೆ ನನ್ನ ಒಪ್ಪಿಗೆಯಿಲ್ಲ. 2011ರಲ್ಲಿ ಅಘನಾಶಿನಿ ಕಣಿವೆಯನ್ನು ಸಿಂಗಳೀಕ ಸಂರಕ್ಷಣಾ ಮೀಸಲು ಎಂದು ಘೋಷಿಸಿದಾಗ ಉಪ್ಪಾಗೆ (ಕಾಡಿನ ಹುಳಿ ಹಣ್ಣು) ಕೊಯ್ಯುವವರಿಗೆ ಅಷ್ಟೊಂದು ಭಯವಿರಲಿಲ್ಲ. 2019ರಲ್ಲಿ ಅದನ್ನು ಶರಾವತಿ ಅಭಯಾರಣ್ಯಕ್ಕೆ ಸೇರಿಸಿದರು. ಅಭಯಾರಣ್ಯದ ಕಾನೂನು ಬಿಗಿ. ಉಪ್ಪಾಗೆ ಚೀಲ ಹೊತ್ತವನನ್ನು ಅನುಮಾನದಿಂದ ನೋಡುವ ಅದೇ ಅಭಯಾರಣ್ಯದಲ್ಲಿ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಕ್ಕೆತ್ತಿ, ಮತ್ತೆ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವ) ಯೋಜನೆ ಮಾತ್ರ ಬರಬಹುದು! ಇದ್ಯಾವ ನ್ಯಾಯ?

ಖಾಸಗಿ ಜಮೀನನ್ನು ಮಾಲೀಕರ ಒಪ್ಪಿಗೆಯಿಂದಲೇ 'ಸಮುದಾಯ ಮೀಸಲು' ಮಾಡಲು ವನ್ಯಜೀವಿ ಕಾಯ್ದೆಯಲ್ಲೇ ಅವಕಾಶವಿದೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು ಹಾಗೆ ಆಗಿದೆ. ಮಲೆನಾಡಿನಲ್ಲಿ ಯಾಕೆ ಆಗಬಾರದು? ಕಾಡು ಕಡಿದದ್ದಕ್ಕೆ ಪರಿಹಾರವಾಗಿ ಬರುವ ಕ್ಯಾಂಪಾ ಹಣದಲ್ಲಿ ಒಂದು ಪಾಲು ತೆಗೆದಿಟ್ಟು, ತಾವಾಗಿ ಮಾರಲು ಬಂದವರಿಂದ ಇಂಥ ಜಮೀನನ್ನು ಮಾರುಕಟ್ಟೆ ದರಕ್ಕೇ ಕೊಳ್ಳಬೇಕು. ಅದಕ್ಕೆ ನಿಯಮ ಅಡ್ಡ ಬಂದರೆ ನಿಯಮ ತಿದ್ದಲಿ. ರೆಸಾರ್ಟಿಗಾಗಿ ಕಾಯ್ದೆಗಳು ಎಷ್ಟು ಸಲೀಸಾಗಿ ಬಾಗುತ್ತವೆ, ನೋಡಿದ್ದೇವಲ್ಲ.

ಕೊಂಡ ಮೇಲೆ ಉಸ್ತುವಾರಿ ಆ ಊರಿನ ಸಮಿತಿಗೆ ಇರಲಿ. ಉಪ್ಪಾಗೆ ಯಾವಾಗ ಕೊಯ್ಯಬೇಕು, ಸಿಂಗಳೀಕಕ್ಕೆ ಎಷ್ಟು ಮರದಲ್ಲೇ ಬಿಡಬೇಕು ಎಂಬುದನ್ನು ಅವರು ಅರಣ್ಯ ಇಲಾಖೆಯ ಜೊತೆ ಕೂತು ತೀರ್ಮಾನಿಸಲಿ.

– ಓದುಗ, ಸಿದ್ದಾಪುರ (ಉ.ಕ.)