‘ಭೂತ’ ಎಂದರೆ ಬರೀ ದೆವ್ವವಲ್ಲ

ಸ್ನೇಹಿತರೇ, ‘ಭೂತ’ ಎಂದು ಬರೆಯುವಾಗ ಅರ್ಥ ನೋಡಿಕೊಂಡು ಬರೆಯಿರಿ. ಸಂಸ್ಕೃತದ ‘ಭೂ’ ಧಾತುವಿನಿಂದ ಬಂದ ಈ ಪದಕ್ಕೆ ಮೂಲದಲ್ಲಿ ‘ಆದದ್ದು’ ಎಂದರ್ಥ. ಭೂತಕಾಲ, ಪಂಚಭೂತ, ಅಭೂತಪೂರ್ವ ಎಲ್ಲವೂ ಅಲ್ಲಿಂದಲೇ. ಭೂತದಯೆ ಎಂದರೆ ಜೀವಿಗಳ ಮೇಲಿನ ಕರುಣೆ. ಇಲ್ಲಿ ದೆವ್ವ ಎಂದುಕೊಂಡರೆ ವಾಕ್ಯವೇ ಕೆಡುತ್ತದೆ. (‘ಭೂತಾಯಿ’ ಬೇರೆ, ಅದು ಭೂ+ತಾಯಿ.)

ಹೆಚ್ಚು ಎಡವುವುದು ತುಳುನಾಡಿನ ವಿಷಯದಲ್ಲಿ. ಅಲ್ಲಿ ‘ಭೂತ’ ಎಂದರೆ ಪಂಜುರ್ಲಿ, ಜುಮಾದಿಯಂಥ ಆರಾಧನೆ ಪಡೆಯುವ ಶಕ್ತಿಗಳು. ಅವುಗಳ ಆರಾಧನೆಯ ನರ್ತನವಾದ ಭೂತಕೋಲವನ್ನು ‘ದೆವ್ವದ ಕುಣಿತ’ ಎಂದು ದಯವಿಟ್ಟು ಬರೆಯಬೇಡಿ, ನಂಬಿದವರಿಗೆ ನೋವಾಗುತ್ತದೆ, ಆ ಶಕ್ತಿಗಳನ್ನು ‘ದೈವ’ ಎನ್ನಿ. ಸತ್ತವರ ಅಲೆಯುವ ಆತ್ಮಕ್ಕೆ ‘ದೆವ್ವ’, ‘ಪ್ರೇತ’ ಇವೆ. ಹೆದರಿಕೆಯನ್ನಷ್ಟೇ ಹೇಳಬೇಕಿದ್ದರೆ ‘ದಿಗಿಲು’ ಸಾಕು: ‘ಕತ್ತಲಲ್ಲಿ ಹಿತ್ತಿಲ ಬಾಗಿಲು ಕಿರುಗುಟ್ಟಿತು, ದಿಗಿಲಾಯಿತು.’