ಯಾರ ಮಾತು ಯಾರು ಕೇಳ್ತಿದ್ರು: ಶಾರ್ಜಾದಲ್ಲಿ ಕೂತು ಕಾದಂಬರಿ ಬರೀತಿರೋ ತಮ್ಮನಿಗೊಂದು ಪತ್ರ

ಪ್ರೀತಿಯ ತಮ್ಮಾ,

ನೀನು ಕಳಿಸಿದ ಎರಡು ಅಧ್ಯಾಯ ಓದಿದೆ, ಭಾಷೆ ಚೆನ್ನಾಗಿದೆ, ಕಡಲಿನ ಭಾಗ ಅಂತೂ ತುಂಬಾ ಇಷ್ಟ ಆಯ್ತು, ಉಳ್ಳಾಲದಲ್ಲಿ ಬೆಳೆದವನಿಗೆ ಕಡಲನ್ನ ನಾನು ಹೇಳಿಕೊಡ್ಬೇಕಾಗಿಲ್ಲ. ನಮ್ಮ ಊರಿನ ಎಷ್ಟು ಜನ ದುಬೈ, ಶಾರ್ಜಾ, ಅಬುಧಾಬಿ ಅಂತ ಹೋಗಿ ಜೀವನ ಕಟ್ಕೊಂಡಿದ್ದಾರೆ, ಆದ್ರೆ ಆ ಊರುಗಳು ಇನ್ನೂರು ವರ್ಷದ ಹಿಂದೆ ಹೇಗಿದ್ವು ಅನ್ನೋದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಹಾಗಾಗಿ ನೀನು ಇದನ್ನ ಬರೀಲೇಬೇಕು ಅಂತ ನಂಗೆ ಆಸೆ, ಆ ಆಸೆಯಿಂದಲೇ ಸ್ವಲ್ಪ ಖಡಕ್ಕಾಗಿ ಹೇಳ್ತೇನೆ, ಬೇಜಾರು ಮಾಡ್ಕೊಳ್ಬೇಡ.

ನಿನ್ನ ಕತೇಲಿ ಶೇಖ್ ಅಂದ್ರೆ ರಾಜ. ಸಿಂಹಾಸನ ಇದೆ, ದರ್ಬಾರು ಇದೆ, ಅವನು ಹೇಳಿದ್ದನ್ನ ಎಲ್ಲರೂ ಕೇಳ್ತಾರೆ, ಅವನ ಮೇಲೆ ಬ್ರಿಟಿಷ್ ಸಾಹೇಬ, ಸಾಹೇಬ ಹೇಳಿದ್ದನ್ನ ಶೇಖ್ ಕೇಳ್ತಾನೆ. ಇಷ್ಟು ಸಲೀಸಾಗಿ ಯಾರೂ ಯಾರ ಮಾತನ್ನೂ ಕೇಳ್ತಿರಲಿಲ್ಲ ಮಾರಾಯ, ಆ ಕರಾವಳಿಯ ಇಡೀ ಕತೆ ಇರೋದೇ ಅಲ್ಲಿ. ಶೇಖ್ ಹತ್ರ ಇದ್ದದ್ದು ಒಂದು ಕೋಟೆ, ಕೆಲವು ಕಾವಲಿನವರು, ಮುತ್ತಿನ ದೋಣಿಗಳಿಂದ ಬರೋ ತೆರಿಗೆ, ಖರ್ಜೂರದ ತೋಟದ ಪಾಲು, ಅಷ್ಟೇ. ಅವನ ನಿಜವಾದ ಬಲ ಅಂದ್ರೆ ಎಷ್ಟು ಮನೆತನಗಳು ಅವನ ಜೊತೆ ಉಳಿದಿದಾವೆ ಅನ್ನೋದು. ಸರಿಬರ್ಲಿಲ್ಲ ಅಂದ್ರೆ ಜನ ಬಂಡಾಯ ಏಳ್ಲೇಬೇಕು ಅಂತಿರಲಿಲ್ಲ, ದೋಣಿ ಹತ್ತಿ ಬೇರೆ ಕಡೆ ಹೋಗಿಬಿಡ್ತಿದ್ರು.

1833 ತಗೋ. ಅಬುಧಾಬಿಯಲ್ಲಿ ಬನಿ ಯಾಸ್ ಬುಡಕಟ್ಟಿನ ಶೇಖ್ ತಹ್ನೂನ್ ಬಿನ್ ಶಖ್ಬೂತ್‌ನನ್ನ ಅವನ ಸ್ವಂತ ತಮ್ಮಂದಿರು ಖಲೀಫಾ ಮತ್ತು ಸುಲ್ತಾನ್ ಸೇರಿ ಕೊಂದ್ರು. ಅದಾದ್ಮೇಲೆ ಅದೇ ಬುಡಕಟ್ಟಿನ ಒಂದು ಕವಲು, ಆಲ್ ಬು ಫಲಾಸಾ, ಉಬೈದ್ ಬಿನ್ ಸಯೀದ್ ಮತ್ತು ಮಕ್ತೂಮ್ ಬಿನ್ ಬುತಿ ಅನ್ನೋ ಇಬ್ಬರ ಹಿಂದೆ ಹೊರಟು ದುಬೈಗೆ ಬಂದು ಕೂತ್ತು, ಸುಮಾರು 800 ಜನ ಅಂತ ಲೆಕ್ಕ ಸಿಗ್ತದೆ. ದುಬೈ ಆಗ ಒಂದು ಖಾರಿಯ ಬಾಯಲ್ಲಿದ್ದ ಸಣ್ಣ ಊರು. ಈಗಲೂ ಅಲ್ಲಿ ಆಳೋದು ಆ ಮಕ್ತೂಮ್‌ನ ಮನೆತನವೇ. ಒಂದು ದಿನ ಮನೆಮಂದಿ, ಬಲೆ, ಬುಟ್ಟಿ, ಒಂಟೆ ಎಲ್ಲ ಕಟ್ಕೊಂಡು ಹೊರಟವರಿಂದ ಒಂದು ರಾಜ್ಯ ಹುಟ್ಟಿದ್ದು ನಿನ್ನ ಎರಡನೇ ಅಧ್ಯಾಯದಲ್ಲಿ ಒಂದೂವರೆ ಸಾಲಿಗೆ ಮುಗಿದುಹೋಗಿದೆ, ಅದೇ ಅಧ್ಯಾಯದಲ್ಲಿ ಬ್ರಿಟಿಷ್ ಹಡಗಿನ ಹಾಯಿಗೆ ಎರಡು ಪುಟ ಕೊಟ್ಟಿದ್ದೀಯ. ಶಾರ್ಜಾದ ಶೇಖ್ ಸುಲ್ತಾನ್ ಬಿನ್ ಸಕ್ರ್ ಈ ವಲಸೆಯಿಂದ ಖುಷಿಪಟ್ಟ ಮನುಷ್ಯ, ಯಾಕಂದ್ರೆ ಅಬುಧಾಬಿ ದುರ್ಬಲ ಆದಷ್ಟೂ ಅವನಿಗೆ ಒಳ್ಳೇದು.

ಈ ಸುಲ್ತಾನ್ ಬಿನ್ ಸಕ್ರ್‌ನನ್ನ ನೀನು ಸರಿಯಾಗಿ ನೋಡ್ಬೇಕು, ಅವನೊಬ್ಬನ ಮೇಲೇ ಒಂದು ಕಾದಂಬರಿ ಬರೀಬಹುದು. ಖವಾಸಿಮ್ ಮನೆತನದವ, 1803ರಲ್ಲಿ ಅಧಿಕಾರಕ್ಕೆ ಬಂದ, 1866ರಲ್ಲಿ ತೀರಿಕೊಂಡ, ಮಧ್ಯೆ ಸೌದಿಗಳು ಅವನನ್ನ ಇಳಿಸಿ ತಮ್ಮ ರಾಜಧಾನಿ ದಿರಿಯಾದಲ್ಲಿ ಇಟ್ಕೊಂಡಿದ್ರು, ಅಲ್ಲಿಂದ ತಪ್ಪಿಸ್ಕೊಂಡು ಬಂದ. ಒಮ್ಮೆ ಅವನ ಮಗನೇ ಶಾರ್ಜಾ ಇನ್ನು ನಂದು ಅಂತ ಕೂತ, ಮುತ್ತು ತೆಗೆಯೋಕೆ ಕಡಲಲ್ಲಿ ಮುಳುಗೋ ಮುಳುಗುಗಾರರ ಮೇಲಿನ ತೆರಿಗೆ ಕಡಿಮೆ ಮಾಡ್ತೇನೆ ಅಂತ ಜನರನ್ನ ತನ್ನ ಕಡೆ ಎಳ್ಕೊಂಡ. ಬುರೈಮಿ ಅನ್ನೋ ಓಯಸಿಸ್‌ಗೆ ವಹಾಬಿ ದಂಡು, ಅಂದ್ರೆ ಅದೇ ಸೌದಿಗಳ ಸೈನ್ಯ, ಬಂದಾಗ ಅವರಿಗೆ ಝಕಾತ್ ಕೊಡೋದು, ದಂಡು ಹೋದಾಗ ಮರೆಯೋದು, ಮಸ್ಕತ್‌ನ ಅರಸ ಸೈಯದ್ ಸಯೀದ್ ಜೊತೆ ಒಂದು ವರ್ಷ ಜಗಳ, ಇನ್ನೊಂದು ವರ್ಷ ಸಂಧಿ, ಬ್ರಿಟಿಷರಿಗೆ ನಯವಾದ ಕಾಗದ. ಇವನು ಸುಳ್ಳ ಅಂತ ಸಾಹೇಬರ ಫೈಲುಗಳಲ್ಲಿ ಸಿಗ್ತದೆ, ನೀನು ಅದನ್ನ ಹಾಗೇ ಎತ್ಕೊಂಡಿದ್ದೀಯ. ನಾಲ್ಕು ಕಡೆಯಿಂದ ಒತ್ತಡ ಇದ್ದ ಒಬ್ಬ ಮನುಷ್ಯ ಅರವತ್ತು ವರ್ಷ ಉಳ್ಕೊಂಡಿದ್ದು ಹೇಗೆ ಅಂತ ಕೇಳ್ಕೋ, ಆಗ ಅವನ ಪ್ರತಿ ಮಾತಿಗೂ ಒಂದು ಕಾರಣ ಕಾಣ್ತದೆ.

ಈಗ ಬ್ರಿಟಿಷರ ಕಡೆ ಬರ್ತೇನೆ. ನಿನ್ನ ರೆಸಿಡೆಂಟ್ ಸಾಹೇಬ, ಅಂದ್ರೆ ಕೊಲ್ಲಿಗೆಲ್ಲ ಬ್ರಿಟಿಷರ ಪ್ರತಿನಿಧಿ, ಶಾರ್ಜಾದಲ್ಲಿ ಬಂಗ್ಲೆ ಕಟ್ಟಿಸಿ ಕೂತಿದ್ದಾನೆ, ಅದನ್ನ ಮೊದ್ಲು ತೆಗೆದುಹಾಕು. ರೆಸಿಡೆಂಟ್ ಇದ್ದದ್ದು ಕೊಲ್ಲಿಯ ಆಚೆ ದಡದಲ್ಲಿ, ಪರ್ಷಿಯಾದ ಬುಶೈರ್‌ನಲ್ಲಿ. 1873ರವರೆಗೂ ಅವನು ವರದಿ ಮಾಡ್ತಿದ್ದದ್ದು ಬಾಂಬೆ ಸರ್ಕಾರಕ್ಕೆ, ಆಮೇಲೆ ನೇರ ಭಾರತ ಸರ್ಕಾರಕ್ಕೆ. ಈ ಕರಾವಳಿಯಲ್ಲಿ ಖಾಯಂ ಆಗಿ ಕೂತ ಇಂಗ್ಲಿಷ್ ಅಧಿಕಾರಿ ಹತ್ತೊಂಬತ್ತನೇ ಶತಮಾನದಲ್ಲಿ ಇರ್ಲೇ ಇಲ್ಲ. ಇದ್ದದ್ದು ಶಾರ್ಜಾದಲ್ಲಿ ಒಬ್ಬ ನೇಟಿವ್ ಏಜೆಂಟ್, ಅಂದ್ರೆ ಬ್ರಿಟಿಷರ ಕೆಲಸ ನೋಡ್ಕೊಳ್ಳೋ ಇಂಗ್ಲಿಷನಲ್ಲದ ಪ್ರತಿನಿಧಿ, ಮುಸಲ್ಮಾನ, ಹೆಚ್ಚಾಗಿ ವ್ಯಾಪಾರಿ ಮನೆಯವ, ಸಂಬಳ ಅಷ್ಟಕ್ಕಷ್ಟೇ. ಇದಲ್ದೆ ಆಗಾಗ ಬಂದು ಹೋಗೋ ಕೆಲವು ಯುದ್ಧದ ಹಡಗು. ತೆರಿಗೆ ವಸೂಲಿ ಇಲ್ಲ, ಪೊಲೀಸ್ ಠಾಣೆ ಇಲ್ಲ, ನಮ್ಮ ಕೆನರಾ ಜಿಲ್ಲೆಗೆ ಬಂದ ಹಾಗೆ ಕಲೆಕ್ಟರ್, ತಹಶೀಲ್ದಾರ್ ಯಾರೂ ಇಲ್ಲ. ಇಷ್ಟು ಕಡಿಮೆ ಖರ್ಚಲ್ಲಿ ಒಂದು ಸಾಮ್ರಾಜ್ಯ ಇಷ್ಟು ಉದ್ದದ ಕರಾವಳಿಯನ್ನ ಹೇಗೆ ಹಿಡಿದಿಟ್ಕೊಂಡಿತ್ತು ಅನ್ನೋದೇ ನಿನ್ನ ಕಾದಂಬರಿಯ ಪ್ರಶ್ನೆ ಆಗ್ಬೇಕು.

1819ರ ಫಿರಂಗಿಯಿಂದ ಶುರು ಮಾಡಿದ್ದೀಯ. ಗೊತ್ತು, ದೃಶ್ಯ ದೊಡ್ಡದು, ಬಾಂಬೆಯಿಂದ ಮೇಜರ್ ಜನರಲ್ ಕೀರ್ ಸುಮಾರು ಮೂರು ಸಾವಿರ ಸೈನಿಕರನ್ನ ಕರ್ಕೊಂಡು ಬಂದು ಖವಾಸಿಮರ ಊರಾದ ರಾಸ್ ಅಲ್ ಖೈಮಾವನ್ನ ಡಿಸೆಂಬರ್‌ನಲ್ಲಿ ಹಿಡಿದ, ದೋಣಿಗಳನ್ನ ಸುಟ್ಟ, 1820ರ ಜನವರಿ 8ಕ್ಕೆ ಶೇಖ್‌ಗಳ ಜೊತೆ ಒಪ್ಪಂದ. ಆದ್ರೆ ಅದಕ್ಕೆ ಹಿಂದಿನದ್ದು ಬೇಕಲ್ಲ? ಖವಾಸಿಮ್ ಮತ್ತು ಮಸ್ಕತ್ ನಡುವೆ ಕೊಲ್ಲಿಯ ವ್ಯಾಪಾರಕ್ಕೆ ಪೈಪೋಟಿ ಇತ್ತು, ಈಸ್ಟ್ ಇಂಡಿಯಾ ಕಂಪನಿ 1798ರಲ್ಲೇ ಮಸ್ಕತ್ ಜೊತೆ ಒಪ್ಪಂದ ಮಾಡ್ಕೊಂಡು ಒಂದು ಪಕ್ಷ ಸೇರಿತ್ತು, 1809ರಲ್ಲಿ ಒಮ್ಮೆ ರಾಸ್ ಅಲ್ ಖೈಮಾ ಮೇಲೆ ದಾಳಿನೂ ಆಗಿತ್ತು. ಖವಾಸಿಮರು ಹಡಗು ಲೂಟಿ ಮಾಡಿದ್ದು ಹೌದು, ಎಷ್ಟು, ಯಾರದ್ದು, ಯಾವ ಯುದ್ಧದ ಭಾಗವಾಗಿ ಅನ್ನೋದರ ಮೇಲೆ ಇವತ್ತಿಗೂ ಜಗಳ ಇದೆ, ಶಾರ್ಜಾದ ಈಗಿನ ಆಡಳಿತಗಾರರೇ ಇತಿಹಾಸ ಓದಿ ಈ ಆರೋಪಕ್ಕೆ ಉತ್ತರವಾಗಿ ಪುಸ್ತಕ ಬರ್ದಿದ್ದಾರೆ. ನೀನು ಆ ಜಗಳದಲ್ಲಿ ತೀರ್ಪು ಕೊಡೋಕೆ ಹೋಗ್ಬೇಡ, ಒಂದು ದೋಣಿಯ ಮೇಲೆ ಇದ್ದವರಿಗೆ ಆ ದಿನ ಎದುರಿನ ಹಡಗು ಏನಾಗಿ ಕಂಡಿತು ಅಂತ ಬರಿ.

ಇನ್ನೊಂದು ಘಟನೆ ನೀನು ಬಿಟ್ಟೇಬಿಟ್ಟಿದ್ದೀಯ. 1820ರ ಕೊನೆಗೆ ಕ್ಯಾಪ್ಟನ್ ಥಾಂಪ್ಸನ್, ಒಪ್ಪಂದದ ಸಮಯದಲ್ಲಿ ದುಭಾಷಿ ಆಗಿದ್ದವನೇ, ಮಸ್ಕತ್‌ನ ಸೈಯದ್ ಜೊತೆ ಸೇರಿ ಒಮಾನ್ ಒಳಗಿನ ಬನಿ ಬು ಅಲಿ ಅನ್ನೋ ಬುಡಕಟ್ಟಿನ ಮೇಲೆ ಹೋದ, ಅವರು ಕತ್ತಿ ಹಿಡ್ಕೊಂಡು ನುಗ್ಗಿ ಅವನ ಪಡೆಯನ್ನ ನಾಶ ಮಾಡಿಬಿಟ್ರು. ಮರುವರ್ಷ ದೊಡ್ಡ ಸೈನ್ಯ ಬಂದು ಸೇಡು ತೀರಿಸ್ಕೊಂಡಿತು, ಅದು ಬೇರೆ. ಆದ್ರೆ ಆಮೇಲೆ ಮರಳಿನ ಒಳಗೆ ಕಾಲಿಡೋದು ಬೇಡ, ನಮ್ಮ ಕೆಲಸ ನೀರಿನ ಮೇಲೆ ಅಂತ ಸಾಹೇಬರು ನಿರ್ಧಾರ ಮಾಡಿದ ಹಾಗೆ ಕಾಣ್ತದೆ. ಮುಂದಿನ ಎಲ್ಲಕ್ಕೂ ಇದು ಬುನಾದಿ.

ಯಾಕಂದ್ರೆ 1835ರ ಕದನವಿರಾಮ ನೋಡು, ಅದು ಕಡಲಿಗೆ ಮಾತ್ರ. ರೆಸಿಡೆಂಟ್ ಹೆನೆಲ್ ಶೇಖ್‌ಗಳನ್ನ ಕೂರಿಸಿ ಮೊದ್ಲು ಆರು ತಿಂಗಳಿಗೆ ಒಪ್ಪಿಸಿದ, ಮೇ 21ರಿಂದ. ಆರು ತಿಂಗಳೇ ಯಾಕೆ ಅಂದ್ರೆ ಮುತ್ತಿನ ಸೀಸನ್. ಬೇಸಿಗೆಯಲ್ಲಿ ಊರಿನ ದುಡಿಯೋ ಗಂಡಸರೆಲ್ಲ ದೋಣಿ ಮೇಲೆ ಇರ್ತಿದ್ರು, ಶತ್ರುಗಳೂ ಅದೇ ಮುತ್ತಿನ ತಿಟ್ಟಿನ ಮೇಲೆ ಪಕ್ಕಪಕ್ಕದಲ್ಲೇ, ಅಲ್ಲಿ ಜಗಳ ಆದ್ರೆ ಆ ವರ್ಷ ಯಾರಿಗೂ ಊಟ ಇಲ್ಲ. ಶಾಂತಿ ಶೇಖ್‌ಗಳಿಗೂ ಬೇಕಿತ್ತು, ದೋಣಿ ನಡೆಸೋ ನಾಖುದಾನಿಗೂ ಬೇಕಿತ್ತು, ಬಾಂಬೆಯಲ್ಲಿ ಮುತ್ತು ಕೊಳ್ಳೋವನಿಗೂ ಬೇಕಿತ್ತು, ಇದನ್ನ ಬರೀ ಸಾಹೇಬರು ಹೇರಿದ್ದು ಅಂತ ಬರೆದ್ರೆ ಅರಬರನ್ನ ಬೊಂಬೆ ಮಾಡಿದ ಹಾಗಾಗ್ತದೆ. ಆಮೇಲೆ ವರ್ಷ ವರ್ಷ ನವೀಕರಣ, 1843ರಲ್ಲಿ ಹತ್ತು ವರ್ಷಕ್ಕೆ, 1853ರಲ್ಲಿ ಶಾಶ್ವತ. ಆದ್ರೆ ನೆಲದ ಮೇಲೆ ಯುದ್ಧಕ್ಕೆ ತಡೆ ಇಲ್ಲ! ಬೇಸಿಗೆ ಪೂರ್ತಿ ಪಕ್ಕದ ದೋಣಿಯಲ್ಲಿ ಮುಳುಗಿದವನ ಮೇಲೆ ಚಳಿಗಾಲದಲ್ಲಿ ಒಂಟೆ ಹತ್ತಿ ದಾಳಿಗೆ ಹೋಗಬಹುದು. ಕಡಲು ಕಟ್ಟಿಹಾಕಿದ ಮೇಲೆ ಖವಾಸಿಮರ ಬಲ ಇಳೀತು, ಅವರ ಶಕ್ತಿ ಇದ್ದದ್ದೇ ಹಡಗಲ್ಲಿ. ನೆಲದಲ್ಲಿ, ಮರುಭೂಮಿಯ ಒಳಗಿನ ಲಿವಾದ ಖರ್ಜೂರದ ತೋಟಗಳಲ್ಲಿ, ಬೆದುಯಿನ್ ಬುಡಕಟ್ಟುಗಳಲ್ಲಿ ಬೇರು ಇದ್ದ ಅಬುಧಾಬಿಯ ಬಲ ಏರಿತು, 1855ರಿಂದ 1909ರವರೆಗೆ ಆಳಿದ ಝಾಯಿದ್ ಬಿನ್ ಖಲೀಫಾ ಆ ಗಾಳಿಯನ್ನ ಚೆನ್ನಾಗಿ ಬಳಸ್ಕೊಂಡ. ಹೆನೆಲ್ ಇದನ್ನ ಪ್ಲ್ಯಾನ್ ಮಾಡಿದ್ದಲ್ಲ. ಆಡಳಿತದ ಒಂದು ನಿರ್ಧಾರ ಯಾರೂ ಅಂದ್ಕೊಳ್ಳದ ಕಡೆ ಹೀಗೆ ಹೊರಳೋದನ್ನ ಹಿಡ್ಕೋ.

ಇನ್ನು ಶೇಖ್‌ನನ್ನ ನಿಜವಾಗ್ಲೂ ಬದಲಾಯಿಸಿದ್ದು ಏನು ಗೊತ್ತಾ? ಹೊಣೆ. ಯಾವುದೋ ಕವಲಿನ ನಾಲ್ಕು ಹುಡುಗರು ದೋಣಿ ಲೂಟಿ ಮಾಡಿದ್ರೆ ರೆಸಿಡೆಂಟ್ ದಂಡ ಕೇಳ್ತಿದ್ದದ್ದು ಸಹಿ ಹಾಕಿದ ಶೇಖ್ ಹತ್ರ, ಕೊಡದಿದ್ರೆ ಹಡಗು ಬಂದು ನಿಲ್ತದೆ. ಅವನು ದಂಡ ಕಟ್ಟಿ ಆಮೇಲೆ ತನ್ನ ಜನರ ಮೇಲೆ ಹತೋಟಿ ಹುಡುಕ್ಬೇಕು. ಹೀಗೆ ನಿಧಾನಕ್ಕೆ ಮನೆತನಗಳ ನಡುವೆ ಮಾತಾಡಿ ಒಪ್ಪಿಸೋ ಹಿರಿಯ ಹೋಗಿ ಕರಾವಳಿಯ ಒಂದು ತುಂಡಿಗೆ ಯಜಮಾನ ಆಗ್ತಾ ಬಂದ. ಯಾರ ಸಹಿ ತಗೋತಾರೆ ಅನ್ನೋದೇ ಯಾರು ಯಜಮಾನ ಅಂತ ತೀರ್ಮಾನ ಮಾಡ್ತಿತ್ತು. 1867ರಲ್ಲಿ ಬಹ್ರೇನ್ ಮತ್ತು ಅಬುಧಾಬಿ ಸೇರಿ ದೋಹಾ, ವಕ್ರಾ ಊರುಗಳನ್ನ ಲೂಟಿ ಮಾಡಿದ್ವು, ಮರುವರ್ಷ ರೆಸಿಡೆಂಟ್ ಪೆಲಿ ಬಂದು ಬಹ್ರೇನ್‌ಗೆ ಶಿಕ್ಷೆ ಕೊಟ್ಟು 1868ರ ಸೆಪ್ಟೆಂಬರ್ 12ಕ್ಕೆ ದೋಹಾದ ಮುಹಮ್ಮದ್ ಬಿನ್ ಥಾನಿಯಿಂದ ಬೇರೆಯೇ ಒಂದು ಕಾಗದಕ್ಕೆ ಒಪ್ಪಿಗೆ ಹಾಕಿಸ್ಕೊಂಡ, ಅಲ್ಲಿಂದ ಕತಾರ್ ಬಹ್ರೇನ್‌ನಿಂದ ಬೇರೆ ಅಂತ ಲೆಕ್ಕಕ್ಕೆ ಬಂತು. ಬಿಟ್ಟು ಹೋಗೋ ಸ್ವಾತಂತ್ರ್ಯನೂ ಕಡಿಮೆ ಆಯ್ತು. ಬನಿ ಯಾಸ್‌ನ ಖುಬೈಸಾತ್ ಕವಲು 1869ರಲ್ಲಿ ಅಬುಧಾಬಿ ಬಿಟ್ಟು ಖೋರ್ ಅಲ್ ಉದೈದ್‌ಗೆ ಹೋಗಿ ನಾವು ಬೇರೆ ಅಂತ ಕೂತ್ತು, 1833ರಲ್ಲಿ ಆಲ್ ಬು ಫಲಾಸಾ ಮಾಡಿದ್ದೇ ಅದು. ಆದ್ರೆ ಈ ಸಲ ಬ್ರಿಟಿಷರು ಆ ಜಾಗ ಅಬುಧಾಬಿದು ಅಂತ ಝಾಯಿದ್ ಪಕ್ಷ ನಿಂತ್ರು, 1880ರ ಹೊತ್ತಿಗೆ ಖುಬೈಸಾತ್ ವಾಪಸ್ ಬರ್ಬೇಕಾಯ್ತು. ಈ ಎರಡು ವಲಸೆಗಳನ್ನ ಎದುರುಬದುರು ಇಟ್ಟು ಬರೆದ್ರೆ ಅರ್ಧ ಶತಮಾನದಲ್ಲಿ ಏನು ಬದಲಾಯ್ತು ಅಂತ ನೀನು ಭಾಷಣ ಮಾಡೋ ಅಗತ್ಯವೇ ಬರಲ್ಲ. 1892ರ ಮಾರ್ಚ್‌ನಲ್ಲಿ ಆರು ಶೇಖ್‌ಗಳು ಬ್ರಿಟಿಷರನ್ನ ಬಿಟ್ಟು ಬೇರೆ ಯಾವ ಸರ್ಕಾರದ ಜೊತೆಗೂ ವ್ಯವಹಾರ ಇಲ್ಲ, ನೆಲ ಕೊಡೋದಿಲ್ಲ ಅಂತ ಸಹಿ ಹಾಕಿದ್ರು, ಅದನ್ನ ನೀನು ದೊಡ್ಡ ದುರಂತದ ಕ್ಲೈಮ್ಯಾಕ್ಸ್ ಮಾಡಿದ್ದೀಯ, ನನ್ನ ಪ್ರಕಾರ ಅದಾಗ್ಲೇ ನಡೆದುಹೋಗಿದ್ದರ ಮೇಲೆ ಒತ್ತಿದ ಸೀಲು ಅಷ್ಟೇ.

ನಿನ್ನ ಕಾದಂಬರಿಗೆ ನಿಜವಾದ ಬಾಗಿಲು 1879ರದ್ದು. ಆ ವರ್ಷ ಶೇಖ್‌ಗಳು ಪರಸ್ಪರ ಒಂದು ಒಪ್ಪಂದ ಮಾಡ್ಕೊಂಡ್ರು, ಸಾಲ ಮಾಡಿ ಓಡಿಬಂದವನನ್ನ ಹಿಡಿದು ವಾಪಸ್ ಕೊಡ್ಬೇಕು ಅಂತ. ಮುಳುಗುಗಾರ ಸೀಸನ್ನಿಗೆ ಮೊದ್ಲು ನಾಖುದಾ ಹತ್ರ ಮುಂಗಡ ತಗೋತಾನೆ, ಮನೆಗೆ ಅಕ್ಕಿ ಖರ್ಜೂರ ತುಂಬಿಸ್ತಾನೆ, ಕಾಲಿಗೆ ಕಲ್ಲು ಕಟ್ಟಿ ದಿನವಿಡೀ ಮುಳುಗ್ತಾನೆ, ಸೀಸನ್ ಮುಗಿದಾಗ ಲೆಕ್ಕದಲ್ಲಿ ಇನ್ನೂ ಸಾಲ. ನಾಖುದಾನೂ ವ್ಯಾಪಾರಿಗೆ ಸಾಲಗಾರ, ಆ ವ್ಯಾಪಾರಿಗಳಲ್ಲಿ ಬ್ರಿಟಿಷ್ ಪ್ರಜೆ ಅನ್ನಿಸ್ಕೊಂಡ ಭಾರತದ ಬನಿಯಾಗಳೂ ಇದ್ರು. ಮುಳುಗುಗಾರನಿಗೆ ಇದ್ದ ಒಂದೇ ದಾರಿ ರಾತ್ರೋರಾತ್ರಿ ಪಕ್ಕದ ಶೇಖ್‌ನ ಊರಿಗೆ ಹೋಗೋದು, ಅಲ್ಲಿಯ ಶೇಖ್‌ಗೆ ದುಡಿಯೋ ಕೈ ಬೇಕು, ಆಶ್ರಯ ಬೇಡಿ ಬಂದವನನ್ನ ಬಿಟ್ಕೊಡೋದು ಮಾನಕ್ಕೆ ಕಮ್ಮಿ. ಆ ದಾರಿಗೆ ಬೇಲಿ ಬಿತ್ತು. ಬುಡಕಟ್ಟಿನ ಮಾನ, ಶೇಖ್‌ನ ಆದಾಯ, ಬಾಂಬೆಯ ಬಂಡವಾಳ, ಬುಶೈರ್‌ನ ಕಾಗದ, ನಾಲ್ಕೂ ಬಂದು ಒಬ್ಬ ಬಡಪಾಯಿಯ ಕುತ್ತಿಗೆ ಮೇಲೆ ಕೂತ್ವು. ನನಗೆ ಇದನ್ನ ಓದಿದಾಗ್ಲೆಲ್ಲ ಸಂಕಟ ಆಗ್ತದೆ.

ಆಕರಗಳ ಬಗ್ಗೆ ಕೇಳಿದ್ಯಲ್ಲ. ಬುಶೈರ್ ರೆಸಿಡೆನ್ಸಿಯ ಫೈಲುಗಳು ಕತಾರ್ ಡಿಜಿಟಲ್ ಲೈಬ್ರರಿಯಲ್ಲಿ ಫ್ರೀಯಾಗಿ ಸಿಗ್ತವೆ, ಲೊರಿಮರ್‌ನ ಗೆಜೆಟಿಯರ್ ಕೂಡ ಅಲ್ಲೇ ಇದೆ, ಅದು ಸರ್ಕಾರಿ ಅಧಿಕಾರಿಗಳ ಬಳಕೆಗೆ ಅಂತ ಗುಟ್ಟಾಗಿ ಮಾಡಿಸಿದ್ದು ಅನ್ನೋದು ನೆನಪಿಟ್ಕೊಂಡು ಓದು. ಮುಂಬೈನಲ್ಲಿ ಮಹಾರಾಷ್ಟ್ರ ರಾಜ್ಯ ಪತ್ರಾಗಾರ ಇದೆ, ರಜೆಗೆ ಬಂದಾಗ ಹೋಗು. ಓದುವಾಗ ಒಂದೇ ಪ್ರಶ್ನೆ, ಸಾಹೇಬನಿಗೆ ಈ ಸುದ್ದಿ ಹೇಳಿದ್ಯಾರು? ಹೆಚ್ಚಿನ ಸಲ ಶಾರ್ಜಾದ ಆ ಏಜೆಂಟೇ. ಅವನು ಇದ್ದದ್ದು ಖವಾಸಿಮರ ಊರಲ್ಲಿ, ಅಬುಧಾಬಿಯ ಜಗಳ ಅವನ ಕಿವಿಗೆ ಯಾರ ಬಾಯಿಂದ ಬರ್ತಿತ್ತು? ಅವನಿಗೂ ವ್ಯಾಪಾರ ಇತ್ತು, ನೆಂಟಸ್ತಿಕೆ ಇತ್ತು, ಸಾಲ ಕೊಟ್ಟೋರು ತಗೊಂಡೋರು ಇದ್ರು. 1890ರಿಂದ 1919ರವರೆಗೆ ಅಬ್ದುಲ್ ಲತೀಫ್ ಅನ್ನೋ ಒಬ್ಬನೇ ಆ ಕುರ್ಚಿಯಲ್ಲಿದ್ದ, ಅಷ್ಟರಲ್ಲಿ ಬುಶೈರ್‌ನಲ್ಲಿ ರೆಸಿಡೆಂಟ್‌ಗಳು ಎಷ್ಟು ಜನ ಬಂದು ಹೋದ್ರು! ಕರಾವಳಿಯ ನೆನಪು ಯಾರ ತಲೇಲಿ ಇತ್ತು ಅಂತ ಯೋಚನೆ ಮಾಡು. ನಿನ್ನ ಕತೇಲಿ ಅವನು ಬಾಗಿಲು ತೆಗೆಯೋ ಜವಾನನ ಹಾಗೆ ಎರಡು ಸಲ ಬಂದು ಹೋಗ್ತಾನೆ.

ಮಂಗಳೂರನ್ನ ಕತೆಯೊಳಗೆ ತರ್ಬೇಕು ಅಂತ ನಿಂಗೆ ಆಸೆ, ಒಬ್ಬ ತುಳು ನಾವಿಕನನ್ನ ರಾಸ್ ಅಲ್ ಖೈಮಾದ ಕೋಟೆ ಮೇಲೆ ನಿಲ್ಲಿಸಿದ್ದೀಯ. ಅವನನ್ನ ತೆಗಿ ಅಂತ ನನ್ನ ಸಲಹೆ. ನಿಜವಾದ ಸಂಬಂಧ ಇದೆ, ಅದು ಸಾಕು: ನಮ್ಮ ಕಡೆಯ ಅಕ್ಕಿ ಮಸ್ಕತ್‌ಗೆ ಹೋಗ್ತಿತ್ತು, ಟಿಪ್ಪುವಿನ ವ್ಯಾಪಾರದ ಕೋಠಿ ಮಸ್ಕತ್‌ನಲ್ಲಿತ್ತು, 1798ರಲ್ಲಿ ಕಂಪನಿ ಮಸ್ಕತ್ ಜೊತೆ ಮಾಡ್ಕೊಂಡ ಒಪ್ಪಂದದ ಹಿಂದೆ ಫ್ರೆಂಚರ ಭಯದ ಜೊತೆ ಟಿಪ್ಪುವಿನ ಭಯನೂ ಇತ್ತು. ಮುಳುಗುಗಾರನ ಹೆಂಡತಿ ಅಳತೆ ಮಾಡಿ ಬೇಯಿಸೋ ಅಕ್ಕಿ ಹಿಂದೂಸ್ತಾನದ್ದು ಅಂತ ಒಂದು ಸಾಲು ಬಂದ್ರೆ ಓದೋನಿಗೆ ಅರ್ಥ ಆಗ್ತದೆ.

ಈಗ ಹೀಗೆ ಮಾಡು. ಮೊದಲ ಅಧ್ಯಾಯ ಹಾಗೇ ಪಕ್ಕಕ್ಕಿಡು, ಹರೀಬೇಡ, ಅದರ ಕಡಲು ಮುಂದೆ ಬೇಕಾಗ್ತದೆ. 1879ರ ನಂತರದ ಒಂದು ಬೇಸಿಗೆ ತಗೊಂಡು, ಸಾಲ ಬಿಟ್ಟು ಓಡಿದ ಒಬ್ಬ ಮುಳುಗುಗಾರ, ಅವನನ್ನ ಬಿಟ್ಕೊಡ್ಬೇಕೋ ಬೇಡ್ವೋ ಅಂತ ಕೂತ ಒಬ್ಬ ಶೇಖ್, ಅವನಿಗೆ ಸುತ್ತ ಕೂತು ಬುದ್ಧಿ ಹೇಳೋ ಮನೆತನದ ಹಿರಿಯರು, ಬುಶೈರ್‌ಗೆ ಕಾಗದ ಬರೀತಿರೋ ಏಜೆಂಟ್, ಇಷ್ಟು ಜನರ ಒಂದು ಮಜ್ಲಿಸ್, ಅಂದ್ರೆ ಶೇಖ್‌ನ ಮನೆಯ ಬೈಠಕ್, ಬರ್ದು ಕಳಿಸು. ಮಳೆಗಾಲ ಮುಗಿಯೋದರೊಳಗೆ ಕಳಿಸಿದ್ರೆ ನಾನು ಕೂತು ಸಾಲು ಸಾಲಾಗಿ ನೋಡಿಕೊಡ್ತೇನೆ. ಅಮ್ಮನಿಗೆ ನಾನು ಕೇಳಿದೆ ಅಂತ ಹೇಳು.

ನಿನ್ನ ಅಣ್ಣ